ಪೆಕೊ ಕೋಡ್ 83 ಫ್ಲೆಕ್ಸ್ ಟ್ರ್ಯಾಕ್: ಎತ್ತರ ಪಕ್ಕಾ, ಜೋಡಿಸುವಾಗ ಎಚ್ಚರ

ಮಾದರಿ ರೈಲಿನ ಎಚ್‌ಓ ಅಳತೆಯಲ್ಲಿ, ಅಂದರೆ ಅಸಲಿಯ 1:87ರಲ್ಲಿ, ಅಮೆರಿಕದ ಮೇನ್‌ಲೈನ್ (ಮುಖ್ಯ ಮಾರ್ಗ) ಕಟ್ಟುವವರು ಪೆಕೊ ಕಂಪನಿಯ 914 ಮಿ.ಮೀ. ಉದ್ದದ, ಬೇಕಾದಂತೆ ಬಗ್ಗಿಸಬಹುದಾದ ಈ ಹಳಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕೋಡ್ ಎಂಬುದು ಹಳಿಯ ಎತ್ತರ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 0.083 ಇಂಚನ್ನು 87ರಿಂದ ಗುಣಿಸಿದರೆ 7.2 ಇಂಚು, ಗಜಕ್ಕೆ 132 ಪೌಂಡ್ ತೂಗುವ ಅಸಲಿ ಹಳಿ 7⅛ ಇಂಚು. ಕೋಡ್ 100 ಇದೇ ಲೆಕ್ಕಕ್ಕೆ 8.7 ಇಂಚಾಗುತ್ತದೆ, ಅದು ಅತಿ ಎತ್ತರ. ಪೆನ್ಸಿಲ್ವೇನಿಯಾ ರೈಲ್‌ರೋಡಿನ 155 ಪೌಂಡಿನ ದೈತ್ಯ ಹಳಿಯೇ 8 ಇಂಚು ಇತ್ತು!

ಹಳೆಯ ಕೋಡ್ 100ಕ್ಕೆ ಇದನ್ನು ಸೇರಿಸುವಲ್ಲೇ ತೊಂದರೆ. ನಡುವೆ 0.43 ಮಿ.ಮೀ. ಮೆಟ್ಟಿಲು ಉಳಿದು ಚಕ್ರ ಎಗರುತ್ತದೆ. ಟ್ರಾನ್ಸಿಷನ್ ಜಾಯಿನರ್ (ಬೇರೆ ಬೇರೆ ಎತ್ತರದ ಹಳಿಗಳನ್ನು ಸೇರಿಸುವ ಲೋಹದ ತುಂಡು) ಸಿಗದಿದ್ದರೆ ಕೋಡ್ 100ರ ಜಾಯಿನರಿನ ಅರ್ಧ ಭಾಗವನ್ನು ಚಪ್ಪಟೆ ಮಾಡಿ, ಸಣ್ಣದಾದ ಕೋಡ್ 83 ಹಳಿಯನ್ನು ಅದರ ಮೇಲಿಟ್ಟು ಬೆಸುಗೆ ಹಾಕಿ. ಹಳಿಗಳ ತಲೆ ಮತ್ತು ಒಳಮೈ ಎರಡೂ ಒಂದೇ ಗೆರೆಗೆ ಬರಬೇಕು. ಉಗುರು ಎಳೆದು ನೋಡಿ, ತಡೆದರೆ ಅರದಿಂದ ಉಜ್ಜಿ. ತಿರುವಿನಲ್ಲಿ ಒಳಹಳಿ ಮುಂದೆ ಚಾಚುತ್ತದೆ, ಕತ್ತರಿಸಲೇಬೇಕು. ಅಲ್ಲಿ ಜೋಡಣೆ ಬರುವುದಿದ್ದರೆ ಹಳಿ ನೇರವಾಗಿರುವಾಗಲೇ ಬೆಸೆದು ಆಮೇಲೆ ಬಗ್ಗಿಸಿ, ಇಲ್ಲದಿದ್ದರೆ ಮೂಲೆ ಮುರಿದಂತೆ ಕಾಣುತ್ತದೆ.

ಸೈಡಿಂಗ್‌ಗೆ, ಅಂದರೆ ಮುಖ್ಯ ಮಾರ್ಗದ ಪಕ್ಕದ ಹಳಿಗೆ, ಮಾತ್ರ ಕೋಡ್ 70 ಹಾಕಿ. ಅದು ಅಸಲಿಯ 100 ಪೌಂಡಿನ ಹಳಿಗೆ ಹತ್ತಿರ.