ಅಜ್ಜಿಗೆ ಕಾರ್ಡು ಕೊಳ್ಳುವ ಮುನ್ನ: ಒಂದು ಇಂಗ್ಲಿಷ್ ಅಂಗಡಿಯ ವಿಮರ್ಶೆ

ವೇಲ್ಸ್ ಗಡಿಗೆ ಸಮೀಪದಲ್ಲಿರುವ ನಮ್ಮ ಇಂಗ್ಲಿಷ್ ಊರಿನ ಶುಭಾಶಯ ಪತ್ರಗಳ ಅಂಗಡಿಯು, ಈಸ್ಟರ್‌ಗೆ ಮೂರು ವಾರ ಮುಂಚಿನ ಭಾನುವಾರ ಬ್ರಿಟನ್ನಿನಲ್ಲಿ ಆಚರಿಸುವ ತಾಯಂದಿರ ದಿನಕ್ಕೆಂದು, ಅಜ್ಜಿಯರಿಗಾಗಿಯೇ ಒಂದು ಕಪಾಟನ್ನು ಮೀಸಲಿಡುತ್ತದೆ. ಗ್ರ್ಯಾಂಡ್ಮಾ, ಗ್ರ್ಯಾನ್, ಗ್ರ್ಯಾನಿ, ನ್ಯಾನ್, ನ್ಯಾನಾ, ನ್ಯಾನಿ ಎಂಬ ಹೆಸರುಗಳಿಗೆ ಅಲ್ಲಿ ಬೇರೆ ಬೇರೆ ಸಾಲುಗಳಿವೆ. ನಿಘಂಟಿನ ಪ್ರಕಾರ ಇವರೆಲ್ಲರೂ ಅಜ್ಜಿಯರೇ. ಆದರೆ ಒಂದರ ಬದಲು ಇನ್ನೊಂದನ್ನು ಒಯ್ಯುವಂತಿಲ್ಲ. ಹಲವು ಕುಟುಂಬಗಳಲ್ಲಿ ತಾಯಿಯ ತಾಯಿ ನ್ಯಾನ್, ತಂದೆಯ ತಾಯಿ ಗ್ರ್ಯಾಂಡ್ಮಾ. ಪಕ್ಕದ ಮನೆಯಲ್ಲಿ ಇದೇ ತಿರುವುಮುರುವು. ವಿಚಾರಿಸದೆ ಕೊಂಡರೆ ಒಬ್ಬ ಅಜ್ಜಿಗೆ ಸೇರಬೇಕಾದ ಕಾರ್ಡು ಆಕೆಯ ಬೀಗಿತ್ತಿಯ ಕೈ ಸೇರುತ್ತದೆ.

ಗ್ರ್ಯಾಂಡ್ಮಾ ಎಲ್ಲೆಡೆಯೂ ಸಲ್ಲುವ ಪದ. ನ್ಯಾನ್ ಎಂದರೆ ದುಡಿಯುವ ವರ್ಗದ ಮನೆಗಳ ಸಲಿಗೆ ನೆನಪಾಗುತ್ತದೆ. ನ್ಯಾನಾ ಉತ್ತರ ಇಂಗ್ಲೆಂಡಿನಲ್ಲಿ ಹೆಚ್ಚು ಕೇಳಿಬರುತ್ತದೆ. ಗ್ರ್ಯಾನಿಯ ಸ್ಥಿತಿ ಮಾತ್ರ ವಿಚಿತ್ರವಾದದ್ದು. ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನ ಮೇಲ್ವರ್ಗದಲ್ಲಿಯೂ ಅದು ಅಕ್ಕರೆಯ ಕರೆ. 2022ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಾಗ ಮೊಮ್ಮಕ್ಕಳಾದ ವಿಲಿಯಂ, ಹ್ಯಾರಿ ಇಬ್ಬರೂ ತಮ್ಮ ಹೇಳಿಕೆಗಳಲ್ಲಿ ಬಳಸಿದ್ದು ಈ ಪದವನ್ನೇ. ಮನೆಯಾಚೆ ಅದೇ ಪದ ಯಾವ ಮುದುಕಿಗಾದರೂ ಅಂಟಿಕೊಂಡು ತುಸು ಹಗುರವಾಗುತ್ತದೆ. ತಪ್ಪಾಗಿ ಹಾಕಿದ, ಸುಲಭವಾಗಿ ಜಾರುವ ಗಂಟಿಗೂ ‘ಗ್ರ್ಯಾನಿ ನಾಟ್’ ಎಂದೇ ಹೆಸರು. ಕಾರ್ಡಿನ ಚಿತ್ರ ಬರೆದವರಿಗೆ ಇದರ ಅರಿವಿದ್ದಂತಿದೆ: ನ್ಯಾನ್ ಸಾಲಿನಲ್ಲಿ ಗುಲಾಬಿ ಮಿನುಗುಪುಡಿ, ವೈನ್ ಲೋಟಗಳಿದ್ದರೆ, ಗ್ರ್ಯಾನಿ ಸಾಲಿನ ತುಂಬ ಹೆಣಿಗೆ ಕಡ್ಡಿ, ಚಹಾದ ಕೆಟಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಅರವತ್ತು ತುಂಬದ ಗ್ರ್ಯಾನಿಯರಿಗೆ ಇದು ಅನ್ಯಾಯವೇ ಸರಿ.

ಹೊರಗಿನಿಂದ ಬಂದವರು ನ್ಯಾನಿ ಸಾಲಿನೆದುರು ಗೊಂದಲಗೊಳ್ಳುವುದು ಸಹಜ, ಏಕೆಂದರೆ ಮಗುವನ್ನು ನೋಡಿಕೊಳ್ಳಲು ಸಂಬಳಕ್ಕಿರುವವಳಿಗೂ ಅದೇ ಪದವಿದೆ. ಇಲ್ಲಿರುವುದು ಅಜ್ಜಿಯ ಕಾರ್ಡೇ. (ಹಿಂದಿ ಬಲ್ಲ ನಮ್ಮವರು ನ್ಯಾನಾ ಕಾರ್ಡನ್ನು ತಾಯಿಯ ತಂದೆಯದೆಂದು ಎತ್ತಿಕೊಳ್ಳದಿರಲಿ.)

ಕೊರತೆಯೆಂದರೆ ಗಡಿಯಾಚೆಯ ವೇಲ್ಸ್‌ನವರದು: ಅಜ್ಜಿಗೆ ಅಲ್ಲಿನ ಉತ್ತರದವರು ಹೇಳುವ ‘ನೈನ್’ ಆಗಲಿ ದಕ್ಷಿಣದವರ ‘ಮಮ್‌ಗೀ’ ಆಗಲಿ ಈ ಕಪಾಟಿನಲ್ಲಿಲ್ಲ. 2.50ರಿಂದ 4 ಪೌಂಡ್ ಬೆಲೆಗೆ ಕಾಗದ ದಪ್ಪವಾಗಿದೆ, ಲಕೋಟೆ ಗಟ್ಟಿಯಾಗಿದೆ. ಒಳಗಿನ ಪ್ರಾಸಪದ್ಯಗಳು ಮಾತ್ರ ಸಪ್ಪೆಯಾಗಿರುವುದರಿಂದ, ಒಳಪುಟ ಖಾಲಿಯಿರುವ ಕಾರ್ಡನ್ನೇ ಕೇಳಿ ಪಡೆಯುವುದು ಲೇಸು.