ಆ ನೀಲಿ ಕಪ್ಪೆಚಿಪ್ಪು ತರಿಸಬೇಡಿ, ನಾನು ತರಿಸಿ ಕೆಟ್ಟೆ

ಕಲಬುರಗಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ನಾಲ್ಕೈದು ಜನ ಸಿಕ್ಕರೆ ಹೆಚ್ಚು. ಅವರಿಗೇ ಇದನ್ನು ಬರೀತಿದ್ದೇನೆ.

ಹೋದ ಏಪ್ರಿಲ್‌ನಲ್ಲಿ ಅಕ್ವೇರಿಯಂ ಜೀವಿ ಮಾರುವವನೊಬ್ಬ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಮುಷ್ಟಿ ಗಾತ್ರದ ಚಿಪ್ಪು, ಬಾಯಂಚಲ್ಲಿ ನವಿಲಿನ ಕುತ್ತಿಗೆಯ ನೀಲಿ. 'ಕ್ರೋಸಿಯಾ ಸರ್, ಊಟಾನೇ ಹಾಕೋದು ಬೇಡ' ಅಂದ. ಕ್ರೋಸಿಯಾ ಅಂದರೆ ಸಮುದ್ರದ ದೈತ್ಯ ಕಪ್ಪೆಚಿಪ್ಪುಗಳಲ್ಲೇ ಒಂದು ಚಿಕ್ಕ ಜಾತಿ, ಜೀವಂತ ಪ್ರಾಣಿ. ನಾಲ್ಕೂವರೆ ಸಾವಿರ ಹಾಕಿದೆ. ಮುಂಬೈ ಕಡೆಯ ರೈಲಿನಲ್ಲಿ ಥರ್ಮಾಕೋಲ್ ಡಬ್ಬ ಬಂತು. 'ಏನೋ, ಉಪ್ಪುನೀರಾಗ ಕಲ್ಲು ಸಾಕಾಕತ್ತಿ?' ಅಂತ ಅವ್ವ ನಕ್ಕಳು.

ಊಟದ ಮಾತು ಅರ್ಧ ನಿಜ. ಅದರ ಮಾಂಸದೊಳಗೆ ಪಾಚಿ ಇರುತ್ತದೆ, ಬೆಳಕು ಬಿದ್ದರೆ ಅದೇ ಅಡುಗೆ ಮಾಡಿ ಹಾಕುತ್ತದೆ. ಆದರೆ ಅವನು ಹೇಳದೇ ಬಿಟ್ಟದ್ದು ಬೇರೆ ಇತ್ತು. ಕ್ರೋಸಿಯಾ ಹವಳದ ಬಂಡೆಯನ್ನು ಕೊರೆದು ಒಳಗೇ ಹುದುಗಿ ಬದುಕುವ ಜೀವಿ. ಚಿಪ್ಪನ್ನು ಆಚೀಚೆ ಉಜ್ಜುತ್ತದೆ, ಅಡಿಯಿಂದ ಆಮ್ಲ ಬಿಟ್ಟು ಸುಣ್ಣದ ಕಲ್ಲು ಕರಗಿಸುತ್ತದೆ. ನಮ್ಮ ಶಹಾಬಾದ್ ಫರಸಿ ಮೇಲೆ ನಿಂಬೆರಸ ಬಿದ್ದರೆ ಬಿಳಿ ಕಲೆ ಆಗುತ್ತಲ್ಲ, ಅದೇ ಲೆಕ್ಕ. ಆಮೇಲೆ ಅಡಿಯ ನಾರಿನಿಂದ ಕಲ್ಲಿಗೆ ಕಚ್ಚಿಕೊಳ್ಳುತ್ತದೆ.

ನನಗೆ ಬಂದದ್ದು ಬರೀ ಚಿಪ್ಪು, ಕಲ್ಲಿಲ್ಲ. ತಿರುವಿ ನೋಡಿದರೆ ಅಡಿಯಲ್ಲಿ ಹರಿದ ಮಾಂಸ, ಒದ್ದೆ ದಾರದಂಥ ಎಳೆಗಳು. ಯಾರೋ ಕಿತ್ತು ತೆಗೆದಿದ್ದರು. ನಾರು ಹುಟ್ಟುವ ಜಾಗವೇ ಹರಿದರೆ ಇದು ಬದುಕೋದು ಕಷ್ಟ ಅಂತ ಆಮೇಲೆ ತಿಳಿಯಿತು. ಸಾಮಾನ್ಯವಾಗಿ ಕೈ ನೆರಳು ಬಿದ್ದರೆ ಸಾಕು, ಬಾಯಿ ಮುಚ್ಚುತ್ತದೆ. ಮೂರನೇ ದಿನ ನನ್ನದು ಬಾಯಿ ಬಿಟ್ಟೇ ಕೂತಿತ್ತು. ನಾಲ್ಕನೇ ರಾತ್ರಿ ವಾಸನೆ. ಬೆಳಗಾಗುವಷ್ಟರಲ್ಲಿ ನೀರೆಲ್ಲ ಅಮೋನಿಯಾ, ಎರಡು ಕ್ಲೌನ್ ಮೀನೂ ಸತ್ತು ತೇಲುತ್ತಿದ್ದವು. ನನ್ನ ತಪ್ಪೂ ಇದೆ ಅನ್ನಿ, ಕರೆಂಟ್ ಹೋಗಿ ನೀರು 33 ಡಿಗ್ರಿ ಮುಟ್ಟಿತ್ತು. ಕೇಳಿದರೆ 'ನಿಮ್ಮ ನೀರೇ ಸರಿಯಿಲ್ಲ' ಅಂದವನು ನಂಬರ್ ಬ್ಲಾಕ್ ಮಾಡಿದ.

ದುಡ್ಡು ಹೋದದ್ದು ಹೋಗಲಿ, ಕೇಸ್ ಬೀಳದಿದ್ದದ್ದೇ ಪುಣ್ಯ. ಇದರ ದಾಯಾದಿಗಳಾದ ಮ್ಯಾಕ್ಸಿಮಾ, ಸ್ಕ್ವಾಮೋಸಾಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಹಾಕಿದ್ದಾರೆ. ಹುಲಿ ಇರುವ ಪಟ್ಟಿ ಅದು! ಮರಿ ಇದ್ದಾಗ ಯಾವುದು ಮ್ಯಾಕ್ಸಿಮಾ, ಯಾವುದು ಕ್ರೋಸಿಯಾ ಅಂತ ನನ್ನಂಥವನಿಗೆ ಎಲ್ಲಿ ಗೊತ್ತಾಗಬೇಕು? 'ಕಲ್ಲಿನ ಸಮೇತ ಕೊಡ್ತೀನಿ' ಅಂದರೂ ಬೇಡ ಅನ್ನಿ, ದಿಬ್ಬ ಕಟ್ಟುವ ಹವಳವೂ ಅದೇ ಪಟ್ಟಿಯಲ್ಲಿದೆ.

ಮೊನ್ನೆ ಅದೇ ಫೋಟೊ ಇನ್ನೊಂದು ಗ್ರೂಪಿನಲ್ಲಿ ಕಂಡಿತು. ಬೆಲೆ ಮಾತ್ರ ಐನೂರು ಇಳಿದಿದೆ.