ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಬೆಳಕು-ಕತ್ತಲೆ ನಿಯಮಗಳು: ವರ್ಷಗಟ್ಟಲೆ ಆಡಿಸಿದ ಮೇಲೆ ಮೂರು ನಕ್ಷತ್ರ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟ. 2014ರಲ್ಲಿ ಬಂದ ಅದರ ಈ ಆವೃತ್ತಿಯನ್ನು ನಾನು ಆಡಿದ್ದಕ್ಕಿಂತ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಆಗಿ ಆಡಿಸಿದ್ದೇ ಹೆಚ್ಚು. ಇಡೀ ಆಟದ ವಿಮರ್ಶೆ ಬೇಕಾದಷ್ಟಿವೆ, ಹಾಗಾಗಿ ಕತ್ತಲೆಯಲ್ಲಿ ನಡೆಯುವ ಹೊಡೆದಾಟದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಐದರಲ್ಲಿ ಎರಡು ನಕ್ಷತ್ರ ಕಳೆದಿದ್ದೇಕೆ ಅಂದರೆ, ಒಂದು ದಾಳದ ಲೆಕ್ಕಕ್ಕೆ, ಇನ್ನೊಂದು ಡಾರ್ಕ್‌ವಿಷನ್‌ಗೆ, ಅಂದರೆ ಕೆಲವು ಪಾತ್ರಗಳಿಗಿರುವ ಕತ್ತಲಲ್ಲೂ ಕಾಣುವ ಶಕ್ತಿಗೆ.

ಓದಲು ನಿಯಮ ಸಲೀಸು. ಪೂರ್ಣ ಬೆಳಕು, ಮಬ್ಬು, ಕತ್ತಲೆ ಎಂದು ಮೂರೇ ಬಗೆ. ಮಬ್ಬಿನಲ್ಲಿ ಕಣ್ಣನ್ನು ನಂಬಿದ ಪರ್ಸೆಪ್ಷನ್ ಚೆಕ್‌ಗೆ (ಏನಾದರೂ ಗಮನಕ್ಕೆ ಬಂತೇ ಎಂದು ಉರುಳಿಸುವ ದಾಳ) ಡಿಸ್‌ಅಡ್ವಾಂಟೇಜ್, ಅಂದರೆ 20 ಮುಖದ ದಾಳ ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯಬೇಕು; ದಾಳವಿಲ್ಲದೆ ಲೆಕ್ಕಕ್ಕೆ ಬರುವ ಗಮನದ ಅಂಕವಾದ ಪ್ಯಾಸಿವ್ ಪರ್ಸೆಪ್ಷನ್‌ನಲ್ಲಾದರೆ 5 ಕಡಿತ. ಕತ್ತಿ ಬೀಸುವುದಕ್ಕೆ ಮಬ್ಬು ಏನೂ ಅಡ್ಡಿ ಮಾಡುವುದಿಲ್ಲ, ಇದನ್ನು ಹೊಸಬರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಪೂರ್ತಿ ಕತ್ತಲೆಯಲ್ಲಿ ಮಾತ್ರ ನೀವು ಕುರುಡರಿದ್ದಂತೆ: ನಿಮ್ಮ ಏಟಿಗೆ ಡಿಸ್‌ಅಡ್ವಾಂಟೇಜ್, ನಿಮ್ಮನ್ನು ಕಾಣಬಲ್ಲವನ ಏಟಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಹೆಚ್ಚು ಬಂದದ್ದನ್ನು ಹಿಡಿಯುವುದು).

ಇಲ್ಲಿಯವರೆಗೆ ಸರಿ. ಇಬ್ಬರಿಗೂ ಕಾಣದಿದ್ದರೆ? ನಿಮಗೆ ಎದುರಾಳಿ ಕಾಣನು, ಎದುರಾಳಿಗೆ ನೀವು ಕಾಣಿರಿ. ಕಾಣದವನಿಗೆ ಹೊಡೆಯುವುದಕ್ಕೆ ಡಿಸ್‌ಅಡ್ವಾಂಟೇಜ್ ಒಂದು, ನಿಮ್ಮನ್ನು ಕಾಣಲಾಗದವನಿಗೆ ಹೊಡೆಯುವುದಕ್ಕೆ ಅಡ್ವಾಂಟೇಜ್ ಒಂದು, ಎರಡೂ ವಜಾ. ಗವ್ವೆನ್ನುವ ಕತ್ತಲಲ್ಲಿ ಇಬ್ಬರೂ ಹಾಡುಹಗಲಿನಲ್ಲಿ ಹೊಡೆದಾಡಿದ ಹಾಗೆಯೇ ಒಂದೇ ದಾಳ ಉರುಳಿಸುತ್ತಾರೆ. ಬಿಲ್ಲಿನ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. ಲಾಂಗ್‌ಬೋಗೆ 150 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್. ಆದರೆ ಎಷ್ಟೇ ಡಿಸ್‌ಅಡ್ವಾಂಟೇಜ್ ಪೇರಿಸಿದರೂ ಒಂದೇ ಒಂದು ಅಡ್ವಾಂಟೇಜ್ ಅಷ್ಟನ್ನೂ ಅಳಿಸಿಬಿಡುತ್ತದೆ. ಗುರಿಗೆ ನೀವು ಕಾಣದೆ, ಅದು ಎಲ್ಲಿದೆ ಎಂಬ ಜಾಗ ನಿಮಗೆ ಗೊತ್ತಿದ್ದರೆ ಸಾಕು, 300 ಅಡಿ ದೂರಕ್ಕೆ ಮಧ್ಯಾಹ್ನ ಬಿಡುವ ಬಾಣಕ್ಕಿಂತ ಅಮಾವಾಸ್ಯೆಯ ರಾತ್ರಿ ಬಿಟ್ಟ ಬಾಣ ಚೆನ್ನಾಗಿ ನಾಟುತ್ತದೆ! ನಿಯಮದ ಅಕ್ಷರ ಹಿಡಿದು ಕೂತರೆ ಇದೇ ಗತಿ. ಯಾವ ಡಿಎಂ ಕೂಡ ಇದನ್ನು ಹಾಗೇ ಒಪ್ಪಬೇಕಾಗಿಲ್ಲ ಅನ್ನಿ.

ಹಾಗಿದ್ದೂ ಮೂರು ನಕ್ಷತ್ರ ಯಾಕೆ ಕೊಟ್ಟೆ? ಕತ್ತಲೆಯ ನಿಜವಾದ ಪೆಟ್ಟು ಏಟಿನ ದಾಳದ ಮೇಲೆ ಬೀಳುವುದೇ ಇಲ್ಲ, ಬೇರೆಲ್ಲೋ ಬೀಳುತ್ತದೆ. ಬಹಳಷ್ಟು ಮಂತ್ರಗಳಿಗೆ ಗುರಿ ಕಣ್ಣಿಗೆ ಕಾಣಲೇಬೇಕು. ಹೊಡೆಯುವ ಮ್ಯಾಜಿಕ್ ಮಿಸೈಲ್‌ಗೂ ಕಾಣಬೇಕು, ಗುಣಪಡಿಸುವ ಹೀಲಿಂಗ್ ವರ್ಡ್‌ಗೂ ಕಾಣಬೇಕು. ಎದುರಾಳಿ ಮಂತ್ರ ಹಾಕುವುದು ಕಾಣದಿದ್ದರೆ ಅದನ್ನು ತಡೆಯುವ ಕೌಂಟರ್‌ಸ್ಪೆಲ್ ಇಲ್ಲ. ಪಕ್ಕದಿಂದ ಜಾರಿಕೊಳ್ಳುವವನಿಗೆ ಕೊಡುವ ಏಟಾದ ಆಪರ್ಚುನಿಟಿ ಅಟ್ಯಾಕ್‌ಗೂ ಅದೇ ಷರತ್ತು. ಫೈರ್‌ಬಾಲ್‌ಗೆ ಮಾತ್ರ ಈ ಕಟ್ಟಿಲ್ಲ, ಬೆಂಕಿಯುಂಡೆ ಸಿಡಿಯಬೇಕಾದ ಬಿಂದು ತೋರಿಸಿದರೆ ಸಾಕು.

ಇದನ್ನು ಅರಗಿಸಿಕೊಂಡ ಮೇಲೆ ಡಾರ್ಕ್‌ನೆಸ್ ಮಂತ್ರದ ಬೆಲೆಯೇ ಬೇರೆ. 15 ಅಡಿ ತ್ರಿಜ್ಯದ ಕತ್ತಲೆ, ಏಕಾಗ್ರತೆ ಕದಡದಿದ್ದರೆ 10 ನಿಮಿಷ. ಡಾರ್ಕ್‌ವಿಷನ್ ಅದರೊಳಗೆ ತೂರುವುದಿಲ್ಲ, ಪಂಜಿನ ಬೆಳಕೂ ನಡೆಯುವುದಿಲ್ಲ. ನನ್ನ ಆಟಗಾರರು ಇದನ್ನು ಹೊಡೆಯಲು ಬಳಸುವುದನ್ನು ಬಿಟ್ಟು, ಸುತ್ತುವರಿದ ಶತ್ರುಗಳ ನಡುವಿನಿಂದ ಏಟು ತಿನ್ನದೆ ಜಾರಿಕೊಳ್ಳಲು ಬಳಸತೊಡಗಿದ ಮೇಲೆ ಆಟಕ್ಕೆ ರಂಗು ಬಂತು. ಡೆವಿಲ್ಸ್ ಸೈಟ್ (ಮಾಂತ್ರಿಕ ಕತ್ತಲಲ್ಲೂ ಕಾಣುವ ಶಕ್ತಿ) ಇರುವ ವಾರ್ಲಾಕ್ ಎಂಬ ಮಾಂತ್ರಿಕ ಇದ್ದರೆ ಅವನೊಬ್ಬನಿಗೆ ಹಬ್ಬ. ಅವನ ಪಕ್ಕದಲ್ಲಿ ನಿಂತ ಕ್ಲೆರಿಕ್‌ಗೆ (ಪುರೋಹಿತನಿಗೆ) ಗುಣಪಡಿಸಬೇಕಾದವನೇ ಕಾಣದೆ ತಲೆನೋವು. ಒಂದೇ ಪಂಗಡದೊಳಗೆ ಇಷ್ಟು ಜಗಳ ತಂದಿಡುವ ಮಂತ್ರ ಇನ್ನೊಂದಿಲ್ಲ.

ಡಾರ್ಕ್‌ವಿಷನ್ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮೂಲ ಪುಸ್ತಕದ 9 ಕುಲಗಳಲ್ಲಿ ಮನುಷ್ಯ, ಹಾಫ್ಲಿಂಗ್, ಡ್ರ್ಯಾಗನ್‌ಬಾರ್ನ್ ಬಿಟ್ಟು ಮಿಕ್ಕವರೆಲ್ಲರಿಗೂ ಅದು ಇದೆ. ಮನುಷ್ಯನ ಪಾತ್ರ ತೆಗೆದುಕೊಂಡವನೊಬ್ಬ ಪಂಜು ಹಿಡಿದು ಎಲ್ಲರನ್ನೂ ಶತ್ರುವಿಗೆ ತೋರಿಸಿಕೊಡುತ್ತಾನೆ, ಉಳಿದವರು ಅವನನ್ನು ಬೈಯುತ್ತಾರೆ. ಆದರೆ ಡಾರ್ಕ್‌ವಿಷನ್‌ಗೆ ಕತ್ತಲೆ ಕಾಣುವುದು ಮಬ್ಬಾಗಿ, ಅದೂ ಬೂದು ಛಾಯೆಗಳಲ್ಲಿ, ಅದೂ ಸಾಮಾನ್ಯವಾಗಿ 60 ಅಡಿಯವರೆಗೆ. ಆ 5ರ ಕಡಿತ ಅವರಿಗೂ ತಪ್ಪಿದ್ದಲ್ಲ. ಇದನ್ನು ಬಿಡದೆ ಹಿಡಿದು ಆಡಿಸಿ ನೋಡಿ, ಹೊಂಚು ಹಾಕಿದ ಗಾಬ್ಲಿನ್‌ಗಳು ಎರಡು ಸಲ ಮೇಲೆ ಬಿದ್ದರೆ ಎಲ್ಫ್ ಕೂಡ ಲಾಂದ್ರ ಕೊಳ್ಳುತ್ತಾಳೆ.

ಪಂಜಿನ ನಿಯಮ ನನಗೆ ಇಷ್ಟ. 20 ಅಡಿ ಬೆಳಕು, ಆಚೆಗೆ 20 ಅಡಿ ಮಬ್ಬು, ಆಯುಷ್ಯ ಒಂದು ಗಂಟೆ. ಕತ್ತಿ, ಗುರಾಣಿ, ಪಂಜು ಮೂರೂ ಬೇಕು, ಇರುವುದು ಎರಡೇ ಕೈ. ಒಳ್ಳೆಯ ಇಕ್ಕಟ್ಟು. ಲೈಟ್ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಬೆಳಕಿನ ಚಿಕ್ಕ ಮಂತ್ರ) ಬಂದು ಅದನ್ನು ಪುಕ್ಕಟೆಯಾಗಿ ಬಿಡಿಸಿಬಿಡುತ್ತದೆ, ಅದೇ ಬೇಜಾರು.

ಈಗ ನಮ್ಮ ಟೇಬಲ್‌ನಲ್ಲಿ ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಿಂದ ಕಡ ತಂದ ಪದ್ಧತಿ ನಡೆಯುತ್ತಿದೆ. ಏಟಿನ ಜೊತೆಗೆ 20 ಮುಖದ ದಾಳ ಇನ್ನೊಮ್ಮೆ: ಗುರಿ ಮಬ್ಬಿನಲ್ಲಿದ್ದರೆ 5, ಕತ್ತಲಲ್ಲಿದ್ದರೆ 11 ಅಥವಾ ಹೆಚ್ಚು ಬರಬೇಕು, ಇಲ್ಲವಾದರೆ ಏಟು ಗಾಳಿಗೆ. ಅಡ್ವಾಂಟೇಜ್‌ನ ವಜಾ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸುತ್ತು ತುಸು ನಿಧಾನವಾಗುತ್ತದೆ, ಆರು ಜನ ಆಡುವಾಗ ಅದು ಎದ್ದು ಕಾಣುತ್ತದೆ. ಕತ್ತಲೆಯೇ ಆಟದ ಜೀವಾಳವಾಗಬೇಕು ಅನ್ನುವವರು ನೇರವಾಗಿ 2023ರ ಶ್ಯಾಡೋಡಾರ್ಕ್ ಎಂಬ ಆಟಕ್ಕೆ ಹೋಗಿ. ಅಲ್ಲಿ ಆಟಗಾರರ ಯಾವ ಪಾತ್ರಕ್ಕೂ ಡಾರ್ಕ್‌ವಿಷನ್ ಇಲ್ಲ, ಪಂಜು ಉರಿಯುವುದು ಟೇಬಲ್ ಮೇಲಿನ ಗಡಿಯಾರದ ಒಂದು ಗಂಟೆ.

ಐದನೇ ಆವೃತ್ತಿಯ 2024ರ ಪರಿಷ್ಕರಣೆ ಇದನ್ನೆಲ್ಲ ಬಿಗಿ ಮಾಡುತ್ತದೆ ಅಂದುಕೊಂಡಿದ್ದೆ. ಡ್ವಾರ್ಫ್‌ನ ಡಾರ್ಕ್‌ವಿಷನ್ 60ರಿಂದ 120 ಅಡಿಗೆ ಏರಿತು.